ಜಿಮ್‌ಗೆ ಮೆಷಿನ್ ಸಾಕು, ಉಸ್ತಾದ್ ಬೇಕು

ನಮ್ಮ ಕಾಲೇಜಿನ ಜಿಮ್‌ಗೆ ಈ ವರ್ಷ ಏನು ಬೇಕು ಅಂತ ಸ್ಟೂಡೆಂಟ್ ಕೌನ್ಸಿಲ್ ಕೇಳಿದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದ ಉತ್ತರಗಳು: ಹೊಸ ಟ್ರೆಡ್‌ಮಿಲ್, ದೊಡ್ಡ ಕನ್ನಡಿ, ಒಳ್ಳೇ ಸ್ಪೀಕರ್. ನನ್ನ ಅಭಿಪ್ರಾಯ ಬೇರೆ. ಇರೋ ಮೆಷಿನ್‌ಗಳೇ ಸಾಕು, ಯಾಕಂದ್ರೆ ಅವನ್ನ ಬಳಸೋದು ದಿನಾ ಅದೇ ಹದಿನೈದು ಜನ. ಕ್ಲಾಸ್ ಟಾಪರ್‌ಗಳು, ಹ್ಯಾಕಥಾನ್ ಗೆಲ್ಲೋರು, ಫೆಸ್ಟ್ ನಡೆಸೋರು ಯಾರೂ ಆ ಕಡೆ ತಲೆ ಹಾಕಲ್ಲ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರೋರು, ಹತ್ತೊಂಬತ್ತನೇ ವಯಸ್ಸಿಗೇ ಸೊಂಟ ನೋವು ಅನ್ನೋರು ಇವರೇ. ಜಿಮ್ ಯಾರಿಗೆ ಜಾಸ್ತಿ ಬೇಕೋ ಅವರೇ ಬರ್ತಿಲ್ಲ.

ಕೇಳಿದ್ರೆ "ಟೈಮ್ ಎಲ್ಲಿದೆ ಗುರೂ?" ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ವಾರದಲ್ಲಿ 168 ಗಂಟೆ ಇದೆ. ಎಲ್ಲ ಸೇರಿಸಿದ್ರೂ ಒಂದು ಐಪಿಎಲ್ ಮ್ಯಾಚ್ ನೋಡೋ ಹೊತ್ತು. ಆರ್‌ಸಿಬಿ ಮ್ಯಾಚ್‌ಗೆ ಟೈಮ್ ಇಲ್ಲ ಅಂದ ಟಾಪರ್‌ನ ನಾನಂತೂ ನೋಡಿಲ್ಲ.

ನಿಜವಾದ ಕಾರಣ ಬೇರೆ ಇದೆ ಅನ್ಸುತ್ತೆ. ಕ್ಲಾಸಲ್ಲಿ ಒಂಬತ್ತರ ಮೇಲೆ ಸಿಜಿಪಿಎ ಇರೋನು ಜಿಮ್‌ಗೆ ಬಂದ ದಿನ ಎಲ್‌ಕೆಜಿ. ಪ್ಲೇಟ್ ಹಾಕದ 20 ಕೆಜಿ ಬಾರ್ ಎತ್ತಿದ್ರೇ ಕೈ ನಡುಗುತ್ತೆ. ಪಕ್ಕದಲ್ಲಿ ಇನ್ನೊಬ್ಬ ನೂರು ಕೆಜಿ ಎತ್ತಿ ಕನ್ನಡಿ ನೋಡ್ಕೋತಿರ್ತಾನೆ. ಹೇಗೆ ಹಿಡೀಬೇಕು, ಎಷ್ಟು ಬಗ್ಗಬೇಕು ಅಂತ ಹೇಳಿಕೊಡೋರಿಲ್ಲ. ಮೂರು ದಿನ ಬಂದು ನಾಲ್ಕನೇ ದಿನ ಬಿಟ್ಟರೆ "ಯಾಕೋ ಬರಲಿಲ್ಲ?" ಅಂತ ಕೇಳೋರೂ ಇಲ್ಲ. ವಿಟಿಯು 2022ರ ಸ್ಕೀಮಿನಲ್ಲಿ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದು ಕಡ್ಡಾಯ, ಆದರೆ ಕ್ರೆಡಿಟ್ ಸೊನ್ನೆ. ಮಾರ್ಕ್ಸಿಗೆ ಓಡೋರಿಗೆ ಇದರಿಂದ ಸಿಗೋ ಸಂದೇಶ ಏನು, ನೀವೇ ಹೇಳಿ.

ಒಳ್ಳೇ ಗುರುವಿನ ಕೈಕೆಳಗೆ ಕಲಿತವರನ್ನ ನಾವು "ಅವರ ಗರಡಿಯಲ್ಲಿ ಪಳಗಿದವರು" ಅಂತೀವಿ. ಸಿನಿಮಾದವರಿಗೂ ಅಂತೀವಿ, ಪತ್ರಕರ್ತರಿಗೂ ಅಂತೀವಿ. "ಅವರ ಜಿಮ್‌ನಲ್ಲಿ ಪಳಗಿದವರು" ಅಂತ ಯಾರೂ ಹೇಳಲ್ಲ! ಮೈಸೂರಿನ ಹಳೇ ಗರಡಿಮನೆಗಳಲ್ಲಿ ಇದ್ದಿದ್ದು ಕೆಂಪು ಮಟ್ಟಿ, ಗದೆ, ಗೋಡೆ ಮೇಲೆ ಆಂಜನೇಯ. ದಸರಾ ಕುಸ್ತಿಗೆ ಪೈಲ್ವಾನರು ತಯಾರಾಗಿದ್ದು ಅಷ್ಟರಲ್ಲೇ. ಅಲ್ಲಿ ಉಸ್ತಾದ್ ಇದ್ದರು. ಹೊಸ ಹುಡುಗನಿಗೆ ಮೊದಲ ಪಟ್ಟಿನಿಂದ ಹೇಳಿಕೊಡ್ತಿದ್ದರು, ಹಳಬರ ಜೊತೆ ಸಾಮು ಮಾಡಿಸ್ತಿದ್ದರು. ಅಲ್ಲಿ ಕಲಿಯೋಕೆ ಬಂದವನು ಸೋಲೋದು ಅವಮಾನ ಅಲ್ಲ, ಪಾಠ.

ಗರಡಿಯದ್ದೆಲ್ಲ ನಮಗೆ ಬೇಡ. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಇರ್ತಿರಲಿಲ್ಲ. ಆದರೆ ನಾವೇನು ಮುಂದುವರಿದಿದ್ದೀವಿ? ನಮ್ಮ ಜಿಮ್‌ನಲ್ಲಿ ಹುಡುಗಿಯರ ಸಮಯ ಸಂಜೆ 4ರಿಂದ 5, ಲ್ಯಾಬ್ ಬಿಡೋದು ನಾಲ್ಕೂವರೆಗೆ. ಬಾಗಿಲು ಹಾಕೋದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣಲ್ಲ.

ಹಾಗಾದ್ರೆ ಏನು ಮಾಡಬಹುದು?

ಮೊದಲು, ಟ್ರೆಡ್‌ಮಿಲ್ ದುಡ್ಡಿನಲ್ಲಿ ತರಬೇತಿ ಪಡೆದ ಒಬ್ಬ ಟ್ರೈನರ್ ಇಡಿ, ಅರ್ಧ ದಿನಕ್ಕಾದರೂ ಸರಿ. ಹೊಸಬರಿಗೆ ಮೊದಲ ತಿಂಗಳು ಮೂರೇ ವ್ಯಾಯಾಮ: ಸ್ಕ್ವಾಟ್, ಪುಶ್‌ಅಪ್, ಡಂಬೆಲ್ ರೋ. ಸ್ಕ್ವಾಟ್ ಅಂದ್ರೆ ಹೆದರಬೇಡಿ. ಹೋಂವರ್ಕ್ ಮಾಡದಿದ್ದಾಗ ಮಿಸ್ಸು ಹೊಡೆಸ್ತಿದ್ದ ಬಸ್ಕಿನೇ ಅದು.

ಎರಡನೇದು, ಬ್ಯಾಚ್ ಮಾಡಿ. ಹತ್ತು ಜನ, ವಾರಕ್ಕೆ ಮೂರು ದಿನ, 45 ನಿಮಿಷ, ಟೈಮ್‌ಟೇಬಲ್‌ನಲ್ಲಿ ಬರೆದ ಹಾಗೆ. ಬಿಜಿ ಇರೋರಿಗೆ "ಯಾವಾಗ ಬೇಕಾದ್ರೂ ಬನ್ನಿ" ಅಂದ್ರೆ ಯಾವಾಗಲೂ ಬರಲ್ಲ. "ಸೋಮವಾರ ಆರು ಕಾಲಿಗೆ ನಿನಗೋಸ್ಕರ ಒಂಬತ್ತು ಜನ ಕಾಯ್ತಿರ್ತಾರೆ" ಅಂದ್ರೆ ಬರ್ತಾರೆ. ಈಗಿರೋ ಹದಿನೈದು ಜನ ಸೀನಿಯರ್‌ಗಳನ್ನ ದೂರ ಇಡೋದೂ ಬೇಡ. ನಮ್ಮಲ್ಲಿ ಈ ವಿದ್ಯೆ ಗೊತ್ತಿರೋದು ಅವರಿಗೇ. ಒಬ್ಬೊಬ್ಬರೂ ಒಬ್ಬ ಹೊಸಬನ ಜವಾಬ್ದಾರಿ ತಗೊಳ್ಳಲಿ.

ಮೂರನೇದು, ಒಂದು ರಿಜಿಸ್ಟರ್ ಇಡಿ. ಇವತ್ತು ಎಷ್ಟು ಕೆಜಿ, ಎಷ್ಟು ಸಲ, ಅಷ್ಟೇ. ಲೀಟ್‌ಕೋಡ್ ಸ್ಟ್ರೀಕ್ ತಪ್ಪಬಾರದು ಅಂತ ರಾತ್ರಿ ಎದ್ದು ಕೂರೋ ಜನ ನಮ್ಮವರು. ಹೋದ ವಾರ 20, ಈ ವಾರ 22.5 ಅಂತ ಕಣ್ಣಿಗೆ ಕಂಡ್ರೆ ಬಿಡ್ತಾರಾ?

ನಾಲ್ಕನೇದು, ಪರೀಕ್ಷೆ ಟೈಮಲ್ಲಿ ಜಿಮ್‌ಗೆ ಬೀಗ ಹಾಕಬೇಡಿ. ತಲೆ ಬಿಸಿ ಜಾಸ್ತಿ, ನಿದ್ದೆ ಕಮ್ಮಿ ಇರೋದು ಆಗಲೇ. ಆ ದಿನಗಳಲ್ಲಿ ಇಪ್ಪತ್ತೇ ನಿಮಿಷ ಇರಲಿ.

ಮನೆಯವರ ಭಯದ ಬಗ್ಗೆಯೂ ಹೇಳಬೇಕು. 2021ರ ಅಕ್ಟೋಬರ್ 29ರಂದು ಅಪ್ಪು ಸರ್ ಹೋದಮೇಲೆ ಎಷ್ಟೋ ಅಮ್ಮಂದಿರಿಗೆ ಜಿಮ್ ಅಂದ್ರೇನೇ ಎದೆ ಝಲ್ ಅನ್ನುತ್ತೆ. ಅದನ್ನ "ಅಮ್ಮಂಗೇನು ಗೊತ್ತು" ಅಂತ ತಳ್ಳಿಹಾಕೋದು ಸರಿಯಲ್ಲ. ಸೇರೋ ಮುಂಚೆ ಒಂದು ಫಾರ್ಮ್ ಇರಲಿ: ಮನೆಯಲ್ಲಿ ಯಾರಿಗಾದ್ರೂ ಹೃದಯದ ತೊಂದರೆ ಇದೆಯಾ, ನಿಮಗೆ ಎದೆನೋವು, ತಲೆಸುತ್ತು ಬಂದಿದೆಯಾ? ಇದ್ದರೆ ಮೊದಲು ಡಾಕ್ಟರ್, ಆಮೇಲೆ ಡಂಬೆಲ್. ಯೂಟ್ಯೂಬ್ ನೋಡಿ ಒಬ್ಬನೇ ಭಾರ ಎತ್ತೋದಕ್ಕಿಂತ, ಕಣ್ಣಿಟ್ಟು ನೋಡೋ ಟ್ರೈನರ್ ಎದುರು ನಿಧಾನಕ್ಕೆ ಕಲಿಯೋದು ಅಮ್ಮನಿಗೂ ಸಮಾಧಾನ.

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ತುಂಬಾ ಜನ ಯಾವುದೋ ಟೆಕ್ ಪಾರ್ಕಿನಲ್ಲಿ ಕುರ್ಚಿ ಹಿಡಿದಿರ್ತೀವಿ. ಆಗ ಇನ್ನೂ ಟೈಮ್ ಇರಲ್ಲ. ಅಭ್ಯಾಸ ಆಗೋದಿದ್ರೆ ಇಲ್ಲೇ, ಈಗಲೇ ಆಗಬೇಕು. ಹಾಗಾಗಿ ಕೌನ್ಸಿಲ್‌ನವರಿಗೆ ನನ್ನ ವೋಟು ಇಷ್ಟೇ: ಟ್ರೆಡ್‌ಮಿಲ್ ಮುಂದಿನ ವರ್ಷ ನೋಡೋಣ, ಕ್ಯಾಂಪಸ್‌ನಲ್ಲಿ ಓಡೋಕೆ ರಸ್ತೆ ಇದೆ. ಈ ವರ್ಷ ಒಬ್ಬ ಉಸ್ತಾದ್‌ನ ಕರೆಸಿ.