ಅಟ್ಟ ಇಳಿಸಿದೆವು, ಸಾಲ ಏರಿಸಿದೆವು



ಒಂದು ಪ್ರಶ್ನೆ ಕೇಳ್ತೀನಿ, ಕೋಪ ಮಾಡ್ಕೋಬೇಡಿ. ನಿಮ್ಮ ಮನೆಯಲ್ಲಿ ಅಟ್ಟ ಇದೆಯೇ?

ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ನೀವೂ ನನ್ನ ಹಾಗೆ ಕೆಟ್ಟವರು. ಈ ಕೆಲಸವನ್ನು ಸರ್ಕಾರ ಮಾಡಲಿಲ್ಲ, ದಲ್ಲಾಳಿ ಮಾಡಲಿಲ್ಲ. ನಮ್ಮ ಕೈಯಾರೆ ನಾವೇ ಮಾಡಿಕೊಂಡೆವು. ಅದನ್ನು ಮುಚ್ಚಿಟ್ಟುಕೊಂಡು ಬರೀ ಬೆಲೆ ಬೆಲೆ ಅಂತ ಕೂಗಿದರೆ ಅರ್ಧ ಸತ್ಯ ಹೇಳಿದ ಹಾಗೆ.

ಅರಸೀಕೆರೆ ಸೀಮೆಯ ಹಳೇ ಮನೆ ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಕಲ್ಲಿನ ತಳಪಾಯ, ಮಣ್ಣಿನ ಗೋಡೆ, ಹೆಂಚಿನ ಮಾಡು. ಮಾಡಿನ ಕೆಳಗೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಕೆಳಗೆ ಒಲೆ ಉರೀತಿತ್ತು, ಅದರ ಬಿಸಿ ಮೇಲಕ್ಕೆ ಹೋಗ್ತಿತ್ತು. ಎಂಟು ತಿಂಗಳೋ ವರ್ಷವೋ ಕಾಯಿ ಅಲ್ಲೇ ಕೂತಿದ್ದರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನೋದು. ಅದೇ ಉಂಡೆ ಕೊಬ್ಬರಿ. ಅದಕ್ಕೆ ಯಂತ್ರ ಬೇಡ, ಕರೆಂಟ್ ಬೇಡ, ಗೋದಾಮಿನ ಬಾಡಿಗೆ ಬೇಡ. ಮದುವೆಗೆ ಇಷ್ಟು, ಬಿತ್ತನೆಗೆ ಇಷ್ಟು ಅಂತ ಬೇಕಾದಾಗ ಇಳಿಸಿ, ಸುಲಿದು, ಅರಸೀಕೆರೆಗೋ ತಿಪಟೂರಿಗೋ ಗಾಡಿ ಹೊಡೆಯುತ್ತಿದ್ದೆವು. ಧಾರಣೆ ಬಿದ್ದಿದ್ದರೆ ಒಂದೆರಡು ತಿಂಗಳು ತಡೆಯುತ್ತಿದ್ದೆವು. ತಡೆಯುವ ಆ ಶಕ್ತಿ ಇದ್ದದ್ದು ಅಟ್ಟದಲ್ಲಿ.

ಈಗ ನನ್ನ ಕಥೆ ಕೇಳಿ. 2012ರಲ್ಲಿ ನಮ್ಮಪ್ಪ ಕಟ್ಟಿದ್ದ ಮನೆ ಕೆಡವಿಸಿ ಆರ್‌.ಸಿ.ಸಿ. ಹಾಕಿಸಿದೆ. ಊರಲ್ಲಿ ನಾಲ್ಕು ಜನ ತಾರಸಿ ಹಾಕಿಸಿದ್ದರು, ನಾನು ಐದನೆಯವನು ಆಗಬೇಕಿತ್ತು. ಜಮೀನಿನ ಮೇಲೆ ಸಾಲ ತಂದೆ. ಕೆಡವುವ ದಿನ ನಮ್ಮಪ್ಪ ಒಂದೇ ಮಾತು ಕೇಳಿದರು: ‘ಅಟ್ಟ ಇಲ್ಲದ ಮನೇಲಿ ಕಾಯಿ ಎಲ್ಲಿ ಇಡ್ತೀಯೋ?’ ‘ಇಡೋದು ಯಾಕಪ್ಪ, ತೋಟಕ್ಕೇ ಲಾರಿ ಬರುತ್ತೆ’ ಅಂದೆ.

ಲಾರಿ ಬಂತು. ಕಂತಿನ ನೋಟೀಸೂ ಬಂತು. ಕಾಯಿ ಕೆಡವಿದ ದಿನವೇ ಮಾರಬೇಕು, ಲಾರಿಯವನು ಹೇಳಿದ್ದೇ ರೇಟು. ಸಾಲವಿದ್ದವನ ಮುಖ ನೋಡಿದರೇ ವ್ಯಾಪಾರಿಗೆ ಗೊತ್ತಾಗುತ್ತೆ ಸ್ವಾಮಿ, ಇವನು ನಾಳೆವರೆಗೂ ತಡೆಯೋನಲ್ಲ ಅಂತ. ಬೇಸಿಗೆಯಲ್ಲಿ ತಾರಸಿ ಕಾದು ಒಳಗೆ ಮಲಗೋಕಾಗದೆ ಎರಡು ಫ್ಯಾನು ತಂದೆವು. ನಮ್ಮ ಹಳೇ ಮನೆಯ ಹಲಸಿನ ಕಂಬ, ತೀರು, ಬಾಗಿಲುಗಳನ್ನು ಹಳೇ ಮರದ ವ್ಯಾಪಾರಿ ಸೌದೆ ರೇಟಿಗೆ ಎತ್ತಿಕೊಂಡು ಹೋದ. ಈಗ ಅಂಥ ಕಂಬಗಳು ರೆಸಾರ್ಟುಗಳ ಜಗಲಿಯಲ್ಲಿ ಎಣ್ಣೆ ಹಚ್ಚಿಸಿಕೊಂಡು ನಿಂತಿವೆ.

2023ರಲ್ಲಿ ಏನಾಯಿತು, ನೆನಪಿದೆಯಲ್ಲ? ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ಬಿದ್ದಿತ್ತು. ಅಟ್ಟ ಇದ್ದವನೂ ಸಂಕಟಪಟ್ಟ, ಅದನ್ನು ಇಲ್ಲ ಅನ್ನಲ್ಲ. ಆದರೆ 2024ರ ಮೊದಲ ತಿಂಗಳುಗಳಲ್ಲಿ ನಾಫೆಡ್ ಖರೀದಿಗೆ ನೋಂದಣಿ ಶುರುವಾದಾಗ ಸಾಲಿನಲ್ಲಿ ನಿಲ್ಲುವ ಹಕ್ಕು ಯಾರಿಗಿತ್ತು? ಕೊಬ್ಬರಿ ಕೈಯಲ್ಲಿದ್ದವನಿಗೆ. ತೋಟದಲ್ಲೇ ಹಸಿ ಕಾಯಿ ಮಾರಿಕೊಂಡ ನನ್ನಂಥವನು ಆ ಸಾಲನ್ನು ದೂರದಿಂದ ನೋಡಿ ಬಂದ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆ ಧಾರಣೆ ಅದರ ಎರಡು ಪಟ್ಟನ್ನೂ ದಾಟಿ ಹೋಯಿತು. ಆಗ ಅಟ್ಟದಲ್ಲಿ ಕಾಯಿ ಇಟ್ಟುಕೊಂಡಿದ್ದವರು ಎಷ್ಟು ಜನ, ಮೊದಲೇ ಮಾರಿಕೊಂಡು ಪೇಪರಿನಲ್ಲಿ ರೇಟು ಓದಿ ಹಲ್ಲು ಕಡಿದವರು ಎಷ್ಟು ಜನ? ನಿಮ್ಮ ಊರಿನಲ್ಲೇ ಎಣಿಸಿ ನೋಡಿ.

ಆದ್ದರಿಂದ ಹೇಳ್ತೀನಿ: ಮನೆ ಅಂದರೆ ಬರೀ ವಾಸದ ಜಾಗ ಅಲ್ಲ. ರೈತನಿಗೆ ಮನೆಯೂ ಹಿತ್ತಲೂ ಬೆಲೆಯ ಹೋರಾಟದ ಕೋಟೆ. ಯಾವ ಮನೆ ತನ್ನ ನೀರು, ತನ್ನ ಕಾಳು, ತನ್ನ ಸೊಪ್ಪು, ತನ್ನ ಸೌದೆ ತಾನೇ ನೋಡಿಕೊಳ್ಳುತ್ತದೋ ಆ ಮನೆಯ ಯಜಮಾನ ವ್ಯಾಪಾರಿಗೆ ‘ಇವತ್ತು ಕೊಡಲ್ಲ, ಹೋಗಯ್ಯ’ ಅನ್ನಬಲ್ಲ. ಸಾಲದಲ್ಲಿ ಕಟ್ಟಿದ ಮನೆ ಹೊರಗಡೆ ಎಷ್ಟೇ ಬಣ್ಣ ಬಳಿದುಕೊಂಡಿರಲಿ, ಅದು ವ್ಯಾಪಾರಿಯ ಪಕ್ಷ.

ತಮಾಷೆ ನೋಡಿ. ನಾವು ಕೆಡವಿದ್ದನ್ನೇ ಪೇಟೆಯವರು ಈಗ ಹುಡುಕಿಕೊಂಡು ಬರ್ತಿದ್ದಾರೆ. ಬೇಲೂರು ಹಳೇಬೀಡಿನ ದೇವಸ್ಥಾನಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಸಂತೋಷ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿ, ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದು ಅಂತ ಬಾಗಿಲು ತೆಗೆದರು. ಆ ಬಾಗಿಲಿನಿಂದ ಬಂದವರು ಕಟ್ಟಿಕೊಳ್ಳೋದು ಏನು? ಮಣ್ಣಿನ ಗೋಡೆ, ಹೆಂಚಿನ ಮಾಡು, ತೊಟ್ಟಿ, ಜಗಲಿ, ಹಿತ್ತಲಲ್ಲಿ ನುಗ್ಗೆ, ಕರಿಬೇವು. ಅದಕ್ಕೆ ಪರಿಸರಸ್ನೇಹಿ ಮನೆ ಅಂತ ಬೋರ್ಡು. ನಾವು ಜಮೀನು ಅಡ ಇಟ್ಟು ಪೇಟೆಯ ಮನೆ ಕಟ್ಟಿದೆವು. ಅವರು ಪೇಟೆಯ ದುಡ್ಡಿನಲ್ಲಿ ನಮ್ಮ ಅಜ್ಜನ ಮನೆ ಕಟ್ಟಿದರು. ಸಾಲ ತೀರಿಸಲಾಗದೆ ನಾವು ಮಾರುವ ಜಮೀನೇ ಅವರಿಗೆ ನಿವೇಶನ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬುದ್ಧಿಯ ಮೇಲೆ ಸಿಟ್ಟು.

ಹಾಗಾದರೆ ಏನು ಮಾಡೋಣ? ಇರುವ ಜಮೀನಿನಲ್ಲಿ 20 ಗುಂಟೆ ಮನೆ, ಹಿತ್ತಲಿಗೆ ಅಂತ ಬಿಡಿ. ಉಳಿದದ್ದರಲ್ಲಿ ಮಾರುಕಟ್ಟೆಗೆ ಏನು ಬೇಕಾದರೂ ಬೆಳೆಯಿರಿ, ಈ 20 ಗುಂಟೆ ಮನೆಮಂದಿಗೆ. ಮನೆಗೆ ಒಂದು ಗುಂಟೆ ಸಾಕು. ಒಂದು ಗುಂಟೆ ಅಂದರೆ 1,089 ಚದರ ಅಡಿ, ಐದಾರು ಜನರ ಸಂಸಾರಕ್ಕೆ ಧಾರಾಳ.

ಮೊದಲು ನೀರು. ನಮ್ಮ ಊರುಗಳ ಹೆಸರನ್ನೇ ನೋಡಿ: ಅರಸಿಯ ಕೆರೆ ಅರಸೀಕೆರೆ ಆಯಿತು, ಹೊಯ್ಸಳರ ರಾಜಧಾನಿ ಹಳೇಬೀಡಿನ ಹಳೇ ಹೆಸರು ದೋರಸಮುದ್ರ, ಅದೂ ಕೆರೆಯ ಹೆಸರೇ. ನಾವು ಮನೆ ಕಟ್ಟಿದ ಮೇಲೆ ಬೋರು ಕೊರೆಸುತ್ತೇವೆ, ಬೋರು ಒಣಗಿದ ಮೇಲೆ ಇನ್ನೊಂದು ಸಾಲ. ಲೆಕ್ಕ ಹಾಕಿ: ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿ ಮಾಡು ಅಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ ಬರೀ 600 ಮಿ.ಮೀ. ಮಳೆ ಅಂತ ಹಿಡಿದು, ಕಾಲು ಭಾಗ ವ್ಯರ್ಥ ಅಂತ ಕಳೆದರೂ 40 ಸಾವಿರ ಲೀಟರ್ ಮೇಲೆ. ಐದು ಜನರ ಕುಡಿಯುವ ನೀರು, ಅಡಿಗೆಯ ನೀರು ದಿನಕ್ಕೆ 25 ಲೀಟರ್ ಅಂದರೆ ವರ್ಷಕ್ಕೆ 9,125 ಲೀಟರ್. 8 ಅಡಿ ಅಗಲ, 9 ಅಡಿ ಉದ್ದ, 5 ಅಡಿ ಆಳದ ಒಂದು ತೊಟ್ಟಿ 10 ಸಾವಿರ ಲೀಟರ್ ಹಿಡಿಯುತ್ತೆ. ಮೊದಲ ಮಳೆ ಹೊರಕ್ಕೆ ಬಿಡಿ, ಆಮೇಲಿನದು ಮರಳು ಇದ್ದಿಲಿನಲ್ಲಿ ಸೋಸಿ ತುಂಬಿಸಿ, ಬೆಳಕು ಬೀಳದ ಹಾಗೆ ಮುಚ್ಚಿ. ಬಯಲುಸೀಮೆಯ ಆಳದ ಬೋರಿನ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಉಳೀಬೇಕಾದರೆ ಮಳೆ ನೀರೇ ಮೇಲು.

ಎರಡನೆಯದು ಗೋಡೆ. ತೊಟ್ಟಿಗೆ ತೆಗೆದ ಮಣ್ಣನ್ನು ಎಸೆಯಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಅಂತ ಒಂದು ವಿಭಾಗ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕೋಕೆ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಕೇಂದ್ರ ಇತ್ತು. ಆ ವಿಜ್ಞಾನಿಗಳು ತೋರಿಸಿಕೊಟ್ಟದ್ದು ಇದು: ಮಣ್ಣಿಗೆ ಮರಳು ಸೇರಿಸಿ, ನೂರಕ್ಕೆ ಏಳು ಭಾಗದಷ್ಟು ಸಿಮೆಂಟ್ ಹಾಕಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡಿ, ಹುಲ್ಲು ಮುಚ್ಚಿ ಮೂರು ನಾಲ್ಕು ವಾರ ನೀರು ಹಾಕಿದರೆ ಸಾಕು. ಗೂಡು ಬೇಡ, ಸೌದೆ ಬೇಡ. ಎರೆಮಣ್ಣು ಮಾತ್ರ ಆಗಲ್ಲ, ಅದು ಬಿರಿಯುತ್ತೆ. ಕೆಮ್ಮಣ್ಣಿನವರು ಧೈರ್ಯವಾಗಿ ಮಾಡಿ, ಮೊದಲು ಹತ್ತು ಇಟ್ಟಿಗೆ ಒತ್ತಿ ನೀರಲ್ಲಿ ನೆನೆಹಾಕಿ ನೋಡಿ. ಬೇಲೂರು ಕಡೆಯವರಿಗೆ ಮಳೆ ಜಾಸ್ತಿ, ಕಲ್ಲಿನ ತಳಪಾಯ ಎರಡು ಅಡಿ ಮೇಲಕ್ಕೆ ಎತ್ತಿ, ಸೂರು ಮೂರು ಅಡಿ ಚಾಚಿಸಿ. ಟೋಪಿ, ಬೂಟು ಎರಡೂ ಗಟ್ಟಿ ಇದ್ದರೆ ಮಣ್ಣಿನ ಗೋಡೆಗೆ ಸಾವಿಲ್ಲ.

ಮೂರನೆಯದು ಅಟ್ಟ, ಕಣಜ. ನಮಗೆ ಅಟ್ಟ ಅಂದರೆ ಕೊಬ್ಬರಿ. ಬೇಲೂರು ಕಡೆಯವರಿಗೆ ಒಣಗಿಸಿಟ್ಟ ಮೆಣಸು, ಕಾಫಿ. ಹಳೇಬೀಡು ಕಡೆ ರಾಗಿ, ಜೋಳ. ನಮ್ಮ ಹಿರಿಯರು ಹಗೇವಿನಲ್ಲಿ ಇಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬೆಳೆಗೆ ಜಾಗ ಇಲ್ಲದ ಮನೆಯ ನಕ್ಷೆ ಯಾರೇ ಬರೆದುಕೊಟ್ಟರೂ ಹರಿದುಹಾಕಿ.

ನಾಲ್ಕನೆಯದು ಹಿತ್ತಲು. ಇದರ ನಕ್ಷೆಯನ್ನು ಮನೆಯ ಹೆಂಗಸರ ಹತ್ತಿರ ಬರೆಸಿ. ಹಿತ್ತಲು ನಡೆಸಿದವರು ಅವರು, ಕಳೆದವರು ನಾವು. ಬಚ್ಚಲ ನೀರಿಗೆ ಬಾಳೆ, ಪಪ್ಪಾಯಿ, ಕೆಸು. ಬೇಲಿಗೆ ಗೊಬ್ಬರದ ಗಿಡ, ಅಗಸೆ, ನುಗ್ಗೆ. ಚಪ್ಪರಕ್ಕೆ ಅವರೆ, ಹೀರೆ, ಸೋರೆ. ಮೂಲೆಗೆ ನಿಂಬೆ, ಹಲಸು, ಮಾವು, ದೂರದಲ್ಲಿ ಒಂದು ಹುಣಸೆ, ಒಂದು ಬೇವು. ಎರಡು ಗುಂಟೆ ತರಕಾರಿ ಪಾತಿ. ನಾಲ್ಕೈದು ದನ ಇದ್ದರೆ ದಿನಕ್ಕೆ 50 ಕೆ.ಜಿ. ಸಗಣಿ, ಎರಡು ಘನ ಮೀಟರಿನ ಗೋಬರ್ ಗ್ಯಾಸಿಗೆ ಸಾಕು. ಸಂಸಾರದ ಅಡಿಗೆ ಆಗುತ್ತೆ, ಬಗ್ಗಡ ಗೊಬ್ಬರ ಆಗುತ್ತೆ.

ನಾನು ಒಂದು ತಿಂಗಳು ಮನೆಯ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಓದಿ ನಾಚಿಕೆ ಆಯಿತು. ಕರಿಬೇವು ದುಡ್ಡು ಕೊಟ್ಟು ತಂದಿದ್ದೆ. ನಿಂಬೆಹಣ್ಣು ದುಡ್ಡು ಕೊಟ್ಟು ತಂದಿದ್ದೆ. ತೆಂಗು ಬೆಳೆಯೋನು ತಾಳೆ ಎಣ್ಣೆ ಪ್ಯಾಕೆಟ್ ತಂದಿದ್ದೆ! 2025ರ ಮೇ ತಿಂಗಳಲ್ಲಿ ದಿಲ್ಲಿಯವರು ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿದಾಗ ಸಭೆಯಲ್ಲಿ ಎದ್ದು ನಿಂತು ಬೈದವನು ನಾನೇ. ಮನೆಗೆ ಬಂದು ಅದೇ ಎಣ್ಣೆಯಲ್ಲಿ ಕರಿದ ಬೋಂಡಾ ತಿಂದವನೂ ನಾನೇ.

ಈಗ ನೀವು ಹೇಳುವ ಮಾತು ನನಗೆ ಗೊತ್ತು: ‘ಮಣ್ಣಿನ ಮನೆಗೆ ಹೆಣ್ಣು ಯಾರು ಕೊಡ್ತಾರೆ?’ ಇದು ಸಣ್ಣ ಮಾತಲ್ಲ, ಈ ಒಂದು ಮಾತಿಗೆ ಹೆದರಿಯೇ ಎಷ್ಟೋ ತಾರಸಿಗಳು ಎದ್ದಿರೋದು. ನಾನು ಹೆಣ್ಣು ಹೆತ್ತವರಿಗೇ ಹೇಳ್ತೀನಿ. ಮಾಡು ನೋಡಿ ಹೆಣ್ಣು ಕೊಡಬೇಡಿ, ಪಹಣಿ ತರಿಸಿ 11ನೇ ಕಾಲಂ ನೋಡಿ. ಅಲ್ಲಿ ಋಣ ಬರೆದಿರುತ್ತೆ. ತಾರಸಿ ಮನೆಗೆ ಹೋದ ಮಗಳು ಆ ಋಣ ತೀರಿಸೋಕೆ ಗಾರ್ಮೆಂಟ್ಸಿಗೆ ಬಸ್ಸು ಹತ್ತೋದಾದರೆ ತಾರಸಿಯ ನೆರಳಿನಲ್ಲಿ ಕೂರೋಳು ಯಾರು?

ಇನ್ನೊಂದು ಎಚ್ಚರಿಕೆ. ಭಾಷಣಕಾರರು ಈ ಮಾತನ್ನೇ ಹಿಡಿದುಕೊಂಡು ಬರ್ತಾರೆ: ‘ರೈತರೇ ಸ್ವಾವಲಂಬಿಗಳಾಗಿ, ಸರ್ಕಾರದ ಕಡೆ ನೋಡಬೇಡಿ.’ ಅದಕ್ಕೆ ಮರುಳಾಗಬೇಡಿ. ಹಿತ್ತಲ ಬದನೆಕಾಯಿ ಮಕ್ಕಳ ಕಾಲೇಜು ಫೀಸು ಕಟ್ಟಲ್ಲ, ಆಸ್ಪತ್ರೆ ಬಿಲ್ಲು ಕಟ್ಟಲ್ಲ. ಅದಕ್ಕೆ ಕೊಬ್ಬರಿಗೆ, ರಾಗಿಗೆ ನ್ಯಾಯವಾದ ಬೆಲೆ ಬೇಕೇ ಬೇಕು. ಬೆಂಬಲ ಬೆಲೆ ಕಾಗದದ ಮೇಲೆ ಇದ್ದರೆ ಸಾಲದು, ಧಾರಣೆ ಬಿದ್ದ ದಿನವೇ ಖರೀದಿ ಕೇಂದ್ರ ತೆಗೀಬೇಕು. ಮನೆ ಕಟ್ಟಲು ಸಾಲ ಕೊಡುವವರು ಮಣ್ಣಿನ ಇಟ್ಟಿಗೆಗೂ ಹೆಂಚಿಗೂ ಕೊಡಬೇಕು. ನಾನು ಕೇಳಿದ ಕಡೆ ‘ಸಿಮೆಂಟ್ ಮನೆಯಾದರೆ ಮಾತಾಡೋಣ’ ಅಂದರು. ಸ್ವಾವಲಂಬನೆ ನಾವು ಬೆಲೆಯ ಬದಲಿಗೆ ಒಪ್ಪಿಕೊಳ್ಳುವ ಭಿಕ್ಷೆ ಅಲ್ಲ. ಬೆಲೆ ಸಿಗುವವರೆಗೆ ಹಟ ಹಿಡಿದು ಕೂರೋಕೆ ಬೇಕಾದ ಬುತ್ತಿ.

ಎಂಬತ್ತರ ದಶಕದಲ್ಲಿ ನಮ್ಮ ಹಿರಿಯರು ಜಪ್ತಿಗೆ ಬಂದ ಅಧಿಕಾರಿಗಳನ್ನು ಊರ ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಆ ಧೈರ್ಯ ಬರೀ ಹಸಿರು ಶಾಲಿನಿಂದ ಬಂದದ್ದಲ್ಲ. ಹಿಂದೆ ಮನೆಯಲ್ಲಿ ರಾಗಿ ಇತ್ತು, ಅಟ್ಟದಲ್ಲಿ ಕಾಯಿ ಇತ್ತು, ಕೊಟ್ಟಿಗೆಯಲ್ಲಿ ಹಾಲು ಇತ್ತು.

ನಾನು ತಾರಸಿ ಕೆಡವೋಕೆ ಹೋಗಲಿಲ್ಲ, ಅದು ಇನ್ನೊಂದು ಹುಚ್ಚು. ಹೋದ ವರ್ಷ ಕೊಟ್ಟಿಗೆ ಪಕ್ಕದಲ್ಲಿ ನೀರಿನ ತೊಟ್ಟಿ ತೆಗೆಸಿದೆ. ಅದೇ ಮಣ್ಣಿನ ಇಟ್ಟಿಗೆ, ಹಳೇ ಹೆಂಚು ಕೊಂಡು ತಂದು ಕೊಬ್ಬರಿಗೆ ಒಂದು ಅಟ್ಟದ ಮನೆ ಎತ್ತಿದೆ. ಮನೆ ಮಂದಿಯೇ ಇಟ್ಟಿಗೆ ಒತ್ತಿದೆವು, ಸಾಲ ಮಾಡಲಿಲ್ಲ. ಮೊನ್ನೆ ಲಾರಿಯವನು ಬಂದು ‘ಕಾಯಿ ಕೊಡ್ತೀರಾ ಗೌಡ್ರೆ?’ ಅಂದ. ‘ಅಟ್ಟದ ಮೇಲಿದೆ, ಇಳಿಸಿದಾಗ ಹೇಳಿ ಕಳಿಸ್ತೀನಿ’ ಅಂದೆ. ಹದಿಮೂರು ವರ್ಷದಲ್ಲಿ ಅವನಿಗೆ ನಾನು ಇಲ್ಲ ಅಂದದ್ದು ಅದೇ ಮೊದಲು.

ಬಂಧುಗಳೇ, ನಿಮ್ಮ ಊರಲ್ಲಿ ಈ ವರ್ಷ ಯಾರಾದರೂ ಹಳೇ ಮನೆ ಕೆಡವೋಕೆ ಮುಹೂರ್ತ ಇಡಿಸುತ್ತಿದ್ದರೆ ಹೋಗಿ ತಡೆಯಿರಿ. ಹೆಂಚು ತಿರುವಿ ಹಾಕಿಸಿ, ಗೋಡೆಗೆ ಸುಣ್ಣ ಹೊಡೆಸಿ, ನೆಲಕ್ಕೆ ಬೇಕಾದರೆ ರೆಡ್ ಆಕ್ಸೈಡ್ ಹಾಕಿಸಿ. ಅಟ್ಟ ಮಾತ್ರ ಮುಟ್ಟಬೇಡಿ ಅಂತ ಹೇಳಿ. ನಮ್ಮಪ್ಪ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಾಗ ಅವರು ಇರಲಿಲ್ಲ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ ಇವತ್ತೇ ಹೋಗಿ ಕೇಳಿ.