ಅಳಿಸಿಹಾಕಿದ ಅಂಕಿ

ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ವಿದ್ಯಾರ್ಥಿಯಿರುವ ಮನೆಯಲ್ಲಿ ದೀಪ ಆರುವುದು ತಡವಾಗುತ್ತದೆ. ಭಾಷೆ, ಚರಿತ್ರೆಗಳನ್ನು ಓದಿ ಮನನ ಮಾಡಬಹುದು. ಗಣಿತದಲ್ಲಿ ಲೆಕ್ಕ ಮಾಡಿ ಮಾಡಿ ಪಳಗಬಹುದು. ರಸಾಯನಶಾಸ್ತ್ರದ ನ್ಯಾಯವೇ ಬೇರೆ. ಅದು ಪುಸ್ತಕದ ಮುಂದೆ ಕುಳಿತ ತಲೆಯನ್ನೂ ಬೇಡುತ್ತದೆ, ಪ್ರಯೋಗಶಾಲೆಯ ಮೇಜಿನ ಮುಂದೆ ನಿಂತ ಕೈಯನ್ನೂ ಬೇಡುತ್ತದೆ. ಕರ್ನಾಟಕದ ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ ಈ ವಿಷಯದ ನೂರು ಅಂಕಗಳ ಪೈಕಿ ೭೦ ಲಿಖಿತಕ್ಕೂ ೩೦ ಪ್ರಯೋಗಕ್ಕೂ ಸಲ್ಲುತ್ತವೆ. ಆದರೆ ಬಹುಮಂದಿ ವಿದ್ಯಾರ್ಥಿಗಳ ಪಾಲಿಗೆ ಇವೆರಡೂ ಒಂದಕ್ಕೊಂದು ದಾರಿಯೇ ಇಲ್ಲದ ಎರಡು ಊರುಗಳು.

ಇಂಥ ವಿದ್ಯಾರ್ಥಿಯೊಬ್ಬನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ತಾಲ್ಲೂಕು ಪಟ್ಟಣದ ಹುಡುಗ. ತಂದೆಗೆ ಸಣ್ಣ ದಿನಸಿ ಅಂಗಡಿ. ಮಗ ವಿಜ್ಞಾನ ಓದಿ ಮುಂದೆ ಬರಲೆಂದು ಮನೆಯವರೆಲ್ಲರ ಹಂಬಲ. ಪ್ರಾಯೋಗಿಕ ಪರೀಕ್ಷೆಗೆ ಹತ್ತು ದಿನ ಉಳಿದಿದೆ. ಅಂದಿನ ಅಭ್ಯಾಸ ಅನುಮಾಪನ. ಆಕ್ಸಾಲಿಕ್ ಆಮ್ಲದ ೦.೦೫ ಮೋಲಾರ್ ದ್ರಾವಣವನ್ನು ಪಿಪೆಟ್ಟಿನಿಂದ ೧೦ ಮಿ.ಲೀ. ಅಳೆದು, ಸಾರರಿಕ್ತ ಗಂಧಕಾಮ್ಲ ಸೇರಿಸಿ, ೬೦ರಿಂದ ೭೦ ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಬ್ಯುರೆಟ್ಟಿನಿಂದ ಪೊಟ್ಯಾಸಿಯಮ್ ಪರ್ಮಾಂಗನೇಟನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಬಣ್ಣ ಮಾಯವಾಗದೆ ತೆಳು ಗುಲಾಬಿಯಾಗಿ ನಿಂತಾಗ ನಿಲ್ಲಿಸಬೇಕು.

ಹುಡುಗನಿಗೆ ಮೊದಲ ಸಲ ಬಂದ ಅಂಕಿ ೯.೬, ಎರಡನೆಯ ಸಲ ೯.೯. ಪಕ್ಕದವರ ಪುಸ್ತಕಗಳಲ್ಲೆಲ್ಲ ೧೦.೦. ಅವನು ಅತ್ತಿತ್ತ ನೋಡಿದ, ರಬ್ಬರಿನಿಂದ ಎರಡನ್ನೂ ಉಜ್ಜಿಹಾಕಿದ, ಮೂರನೆಯ ಸಲದ ಕೆಲಸವನ್ನೇ ಮಾಡದೆ ಸಾಲಾಗಿ ಮೂರು ಬಾರಿ ೧೦.೦ ಎಂದು ಬರೆದ.

ಅಧ್ಯಾಪಕರು ಪುಸ್ತಕವನ್ನು ಬೆಳಕಿಗೆ ಹಿಡಿದರು. ಉಜ್ಜಿದ ಗುರುತು ಉಳಿದಿತ್ತು. ಅವರು ಗದರಿಸಲಿಲ್ಲ.

"ನಿಮ್ಮ ತಂದೆಯವರು ಬೇಳೆ ತೂಗುವಾಗ ತಮ್ಮ ತಕ್ಕಡಿ ನೋಡುತ್ತಾರೋ, ಪಕ್ಕದ ಅಂಗಡಿಯ ತಕ್ಕಡಿ ನೋಡುತ್ತಾರೋ?"

ಹುಡುಗ ತಲೆ ತಗ್ಗಿಸಿದ. "ನನ್ನದು ತಪ್ಪು ಬಂದಿತ್ತು, ಸಾರ್."

"ತಪ್ಪು ಬಂದಿತ್ತೆಂದು ಯಾರು ಹೇಳಿದರು? ಮೊದಲು ಬಂದದ್ದು ಎಷ್ಟಪ್ಪಾ?"

ಅವನು ಹೇಳಿದ. ಅಧ್ಯಾಪಕರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ ಹೋದಂತೆ ಕಾರಣ ಹೊರಬಿತ್ತು. ಪಿಪೆಟ್ಟನ್ನು ನೀರಿನಿಂದ ತೊಳೆದವನು ಅದೇ ಆಮ್ಲದ ದ್ರಾವಣದಿಂದ ಮತ್ತೊಮ್ಮೆ ತೊಳೆಯುವುದನ್ನು ಮರೆತಿದ್ದ. ಒಳಗೆ ಉಳಿದ ನೀರು ಮೊದಲ ಸಲ ಆಮ್ಲವನ್ನು ತೆಳುವಾಗಿಸಿತು. ಎರಡನೆಯ ಸಲಕ್ಕೆ ಆ ನೀರು ಬಹುಮಟ್ಟಿಗೆ ಹೋಗಿತ್ತು. ೯.೬, ೯.೯ ಎಂದು ಅಂಕಿ ಏರುತ್ತ ಬಂದದ್ದು ಅದಕ್ಕೇ. ನಡೆದ ತಪ್ಪನ್ನು ತೋರಿಸಿಕೊಡುತ್ತಿದ್ದ ಸಾಕ್ಷಿಗಳನ್ನೇ ಅವನು ಅಳಿಸಿಹಾಕಿದ್ದ! ಮತ್ತೆರಡು ಸಲ ಮಾಡಿಸಿದಾಗ ೧೦.೦, ೧೦.೦ ಬಂದಿತು. ಐದು ಭಾಗ ಆಕ್ಸಾಲಿಕ್ ಆಮ್ಲಕ್ಕೆ ಎರಡು ಭಾಗ ಪರ್ಮಾಂಗನೇಟ್ ಎಂಬ ಲೆಕ್ಕದಿಂದ ದ್ರಾವಣದ ಸಾಂದ್ರತೆ ೦.೦೨ ಮೋಲಾರ್. ಈ ಅಂಕಿ ಈಗ ಅವನದೇ ಆಯಿತು.

ಅಲ್ಲಿಗೇ ಬಿಡದೆ ಅಧ್ಯಾಪಕರು ಇನ್ನೊಂದು ಕೇಳಿದರು: "ಮೊದಲ ತೊಟ್ಟಿನ ಬಣ್ಣ ಹೋಗಲು ಹೊತ್ತು ಹಿಡಿಯಿತು. ಆಮೇಲಿನ ತೊಟ್ಟುಗಳು ಬಿದ್ದೊಡನೆ ಮಾಯವಾದುವು. ಏಕೆ?" ಹುಡುಗ ಅದನ್ನು ಕಣ್ಣಾರೆ ಕಂಡಿದ್ದ, ಆದರೆ ಯೋಚಿಸಿರಲಿಲ್ಲ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಕ್ರಿಯೆಗೆ ವೇಗವರ್ಧಕಗಳಾಗುತ್ತವೆ. ವೇಗವರ್ಧಕದ ವಿವರಣೆಯನ್ನು ಅವನು ರಾತ್ರಿಯೆಲ್ಲ ಉರುಹಚ್ಚಿದ್ದ. ಅದು ತನ್ನ ಕೈಯಲ್ಲಿದ್ದ ಗಾಜಿನ ಪಾತ್ರೆಯಲ್ಲೇ ನಡೆಯುತ್ತಿದೆಯೆಂದು ಅರಿತಿರಲಿಲ್ಲ. ಗಂಧಕಾಮ್ಲಕ್ಕೆ ಬದಲಾಗಿ ಹೈಡ್ರೊಕ್ಲೋರಿಕ್ ಆಮ್ಲವನ್ನೇಕೆ ಹಾಕಬಾರದೆಂಬುದೂ ಅಂತಹದೇ ಪ್ರಶ್ನೆ. ಹಾಕಿದರೆ ಪರ್ಮಾಂಗನೇಟಿನ ಒಂದಂಶ ಕ್ಲೋರೈಡನ್ನು ಕ್ಲೋರಿನ್ನಾಗಿ ಉತ್ಕರ್ಷಿಸುವುದರಲ್ಲಿ ವ್ಯಯವಾಗಿ ಅಂಕಿ ಏರುಪೇರಾಗುತ್ತದೆ. ಲಿಖಿತ ಪರೀಕ್ಷೆಯ ಉತ್ತರ ಪ್ರಯೋಗಶಾಲೆಯಲ್ಲಿಯೇ ಸಿಕ್ಕಿತಲ್ಲವೆ?

ಲವಣಗಳ ವಿಶ್ಲೇಷಣೆಯಲ್ಲಿಯೂ ಇದೇ ಕಥೆ. ಲವಣಕ್ಕೆ ಸೋಡಿಯಮ್ ಹೈಡ್ರಾಕ್ಸೈಡ್ ಹಾಕಿ ಕಾಯಿಸಿದಾಗ ಅಮೋನಿಯದ ವಾಸನೆ ಬಂದಿತೆಂದರೆ ಅಮೋನಿಯಂ ಕ್ಲೋರೈಡೆಂದು ಬರೆದುಬಿಡುವ ಆತುರಗಾರರು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಕೊಟ್ಟದ್ದು ಅಮೋನಿಯಂ ಬ್ರೋಮೈಡ್ ಆಗಿದ್ದರೆ? ಸಾರೀಕೃತ ಗಂಧಕಾಮ್ಲದೊಡನೆ ಕಾಯಿಸಿದರೆ ಬ್ರೋಮೈಡ್ ಕೆಂಗಂದು ಬಣ್ಣದ ಆವಿಯನ್ನು ಬಿಡುತ್ತದೆ; ಕ್ಲೋರೈಡಿನಿಂದ ಬರುವುದು ಬಣ್ಣವಿಲ್ಲದ ಘಾಟು ಅನಿಲ. ಸಿಲ್ವರ್ ನೈಟ್ರೇಟಿಗೆ ಕ್ಲೋರೈಡ್ ಕೊಡುವ ಒತ್ತರ ಮೊಸರಿನಂತೆ ಬಿಳುಪು, ಅಮೋನಿಯ ದ್ರಾವಣದಲ್ಲಿ ಕರಗುತ್ತದೆ. ಬ್ರೋಮೈಡಿನದು ನಸುಹಳದಿ, ಕರಗುವುದು ಕಷ್ಟ. ಊಹೆಗೆ ಅವಕಾಶವಿದೆ, ಆದರೆ ಊಹೆಯನ್ನು ಪ್ರಶ್ನಿಸುವ ಪರೀಕ್ಷೆಯೂ ಆಗಲೇಬೇಕು.

ಪರ್ಮಾಂಗನೇಟಿನಿಂದ ಕಬ್ಬಿಣವನ್ನು ಅಳೆಯುವ ವಿಧಾನವನ್ನು ಫ್ರಾನ್ಸಿನ ಮಾರ್ಗರೀತ್ ೧೮೪೬ರಲ್ಲಿ ತೋರಿಸಿಕೊಟ್ಟನು. ಜರ್ಮನಿಯ ಮೋರ್ ೧೮೫೫ರಲ್ಲಿ ಅನುಮಾಪನದ ಮೇಲೆ ಗ್ರಂಥವನ್ನೇ ಪ್ರಕಟಿಸಿದನು; ಪ್ರಯೋಗಶಾಲೆಯ ಮೋರ್ ಲವಣ ಅವನ ಹೆಸರಿನದೇ. ಪಕ್ಕದವನ ಅಂಕಿಯನ್ನು ನೋಡಿ ಬರೆಯುವ ಸೌಕರ್ಯ ಹೊಸ ದಾರಿ ತೆಗೆದ ಇಂಥವರಿಗೆ ಇರಲಿಲ್ಲ.

ಪರೀಕ್ಷೆಗೆ ಸಿದ್ಧರಾಗತಕ್ಕವರು ಎರಡು ಅಭ್ಯಾಸಗಳನ್ನಿಟ್ಟುಕೊಂಡರೆ ಸಾಕು. ಕಂಡದ್ದನ್ನು ಕಂಡೊಡನೆಯೇ ಶಾಯಿಯಲ್ಲಿ ಬರೆಯುವುದು. ತಪ್ಪೆಂದು ತೋರಿದರೆ ಒಂದೇ ಗೀಟು ಎಳೆದು, ಕೆಳಗಿನ ಅಂಕಿ ಕಾಣುವಂತೆ ಬಿಡುವುದು. ಪ್ರತಿ ಪ್ರಯೋಗ ಮುಗಿದ ಮೇಲೆ 'ಇದು ಏಕೆ ಹೀಗಾಯಿತು?' ಎಂದು ಪುಸ್ತಕದಲ್ಲಿ ಹುಡುಕುವುದು.

ಆ ಹುಡುಗ ಅಂದು ಸಂಜೆ ಅಂಗಡಿಗೆ ಹೋದಾಗ ತಂದೆ, "ಪ್ರಯೋಗ ಸರಿಬಂತೇನೋ?" ಎಂದು ಕೇಳಿದರು. "ಮೊದಲು ಬರಲಿಲ್ಲ, ಅಪ್ಪ. ಯಾಕೆ ಬರಲಿಲ್ಲ ಅಂತ ಗೊತ್ತಾಯಿತು," ಎಂದ ಮಗ. ತಂದೆಗೆ ರಸಾಯನಶಾಸ್ತ್ರ ತಿಳಿಯದು. ಆದರೂ ಆ ಉತ್ತರದಲ್ಲಿ ಏನೋ ನೆಮ್ಮದಿ ಕಂಡು, ಅವರು ತಕ್ಕಡಿಯ ಕಡೆಗೆ ತಿರುಗಿದರು.