ಡೊಂಬಿವಲಿ ಸ್ಟೇಷನ್ನಿನ ಸಂಖ್ಯೆ

ಫರ್ಗ್ಯುಸನ್ ಕಾಲೇಜು ರಸ್ತೆ ಎಂದರೆ ಪುಣೆಯ ಕನ್ನಡಿಗರಿಗೆ ಮೊದಲು ನೆನಪಾಗುವುದು ಜಗನ್ನಾಥ ಶೆಟ್ಟರ ವೈಶಾಲಿ ಹೋಟೆಲು. ನನಗೆ ಜೊತೆಗೆ ಆ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರೂ ನೆನಪಾಗುತ್ತಾರೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಇಲ್ಲಿ ಓದುತ್ತಿದ್ದಾಗಲೇ, 1927ರಲ್ಲಿ, ಪರಾಂಜಪೆ ಗಣಿತ ಬಹುಮಾನ ಪಡೆದವರು. ಆಮೇಲೆ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾದರು. ಅವರ 6174 ಜಗತ್ಪ್ರಸಿದ್ಧ. ನನಗೆ ಅದಕ್ಕಿಂತ ಇಷ್ಟವಾದವು ಡೆಮ್ಲೊ ಸಂಖ್ಯೆಗಳು. ರೈಲು ಬದಲಿಸಲು ಇಳಿದ ಸ್ಟೇಷನ್ನಿನಲ್ಲಿ ಹೊಳೆದವು ಎಂದು ಅದರ ಹೆಸರನ್ನೇ ಇಟ್ಟರಂತೆ. ಅಂದಿನ ಡೆಮ್ಲೊ ಇಂದಿನ ಡೊಂಬಿವಲಿ.

ಅವುಗಳಲ್ಲಿ ಒಂದು 12345678987654321. ಹದಿನೇಳು ಅಂಕಿ. ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು, ಅದನ್ನು ಅದರಿಂದಲೇ ಗುಣಿಸಿದರೆ ಬರುತ್ತದೆ. ವಾಟ್ಸಾಪಿನಲ್ಲಿ ಇದು ಪವಾಡವೆಂದು ಓಡಾಡುತ್ತದೆ. ಪವಾಡ ಅಂದುಬಿಟ್ಟರೆ ಮಕ್ಕಳು ಕಾರಣ ಹುಡುಕುವುದನ್ನೇ ಬಿಡುತ್ತಾರೆ, ಅದೇ ನನ್ನ ತಕರಾರು. ಕಾಗದದ ಮೇಲೆ ಗುಣಾಕಾರ ಹಾಕಿಸಿ ನೋಡಿ. ಒಂಬತ್ತು ಸಾಲು, ಎಲ್ಲವೂ 111111111, ಪ್ರತಿ ಸಾಲೂ ಒಂದು ಮನೆ ಎಡಕ್ಕೆ. ಕೂಡಿಸುವಾಗ ಬಲತುದಿಯಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಟ್ಟನಡುವೆ ಒಂಬತ್ತು, ಮತ್ತೆ ಇಳಿಕೆ. ಎಲ್ಲೂ ಕೈಯಲ್ಲಿ ಒಂದು ಉಳಿಯುವುದಿಲ್ಲ. ಹತ್ತು ಒಂದುಗಳಾದರೆ ನಡುವೆ ಹತ್ತು ಬಂದು, ಕೈಯಲ್ಲಿ ಒಂದು ಉಳಿದು, ಗೋಪುರ ಕುಸಿಯುತ್ತದೆ: 1234567900987654321.

ಇನ್ನೊಂದು ಗುಣ. ಮೊದಲ ಎಂಟು ಅಂಕಿಯನ್ನು ಕತ್ತರಿಸಿ ಉಳಿದ ಒಂಬತ್ತಕ್ಕೆ ಕೂಡಿಸಿ. 12345678 ಮತ್ತು 987654321 ಸೇರಿ 999999999! ಇದಕ್ಕೂ ಕಾರಣವಿದೆ: ನಮ್ಮ ಸಂಖ್ಯೆ 999999999ನ್ನು 12345679ರಿಂದ ಗುಣಿಸಿದ ಲಬ್ಧ.

ಹಿಂಜವಡಿಯ ಇಂಜಿನಿಯರ್ ಮಿತ್ರರು ಇದನ್ನು ಎಕ್ಸೆಲ್‌ನಲ್ಲಿ ಹಾಕಿ ನೋಡಲಿ. 12345678987654300 ಎಂದು ತೋರಿಸುತ್ತದೆ. ಹದಿನೈದು ಅಂಕಿಗಿಂತ ಹೆಚ್ಚು ಅದು ನೆನಪಿಡುವುದಿಲ್ಲ, ಮಿಕ್ಕವು ಸೊನ್ನೆ. ಹದಿನಾರು ಅಂಕಿಯ ಕಾರ್ಡ್ ನಂಬರನ್ನು ಹಾಗೇ ತುಂಬಿದರೂ ಕೊನೆಯ ಅಂಕಿ ಸದ್ದಿಲ್ಲದೆ ಮಾಯ. ಅಂಥದ್ದನ್ನು ಅಕ್ಷರವೆಂದೇ ನಮೂದಿಸಬೇಕು. ಐದನೇ ಕ್ಲಾಸಿನ ಹುಡುಗಿ ಪೆನ್ಸಿಲಿನಲ್ಲಿ ಸರಿಯಾಗಿ ಮಾಡುವ ಲೆಕ್ಕ ಇದು!

ಇಂಥವೆಲ್ಲ ಬರೀ ಆಟ ಎಂದು ಕಾಪ್ರೇಕರರನ್ನು ವಿದ್ವಾಂಸರು ಬಹುಕಾಲ ಪಕ್ಕಕ್ಕಿಟ್ಟರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಬರೆದ ಮೇಲೆ ಹೆಸರು ಬಂತು. ಆದರೆ ಈ ಆಟ ನಮ್ಮಲ್ಲಿ ಹಳೆಯದು. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅವರ ಆಶ್ರಯದಾತ ಮಳಖೇಡದ ಅಮೋಘವರ್ಷ ನೃಪತುಂಗ. (ಪುಣೆಯ ಹೆಸರು ಮೊದಲು ಸಿಗುವ ತಾಮ್ರಪಟಗಳನ್ನು ಕೊಟ್ಟ ರಾಷ್ಟ್ರಕೂಟ ಕೃಷ್ಣ ಇವನ ಮುತ್ತಜ್ಜ. ಮರಾಠಿ ಗೆಳೆಯರಿಗೆ ಹೇಳಲು ಅಡ್ಡಿಯಿಲ್ಲ.) ಆ ಗ್ರಂಥದಲ್ಲಿ ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೊಂದನ್ನು ಮಾತಿನಲ್ಲೇ ವರ್ಣಿಸಿದ್ದಾರೆ: 12345654321. ಆರು ಒಂದುಗಳ ವರ್ಗ.